ಮೇಲಿನ ಸಾಲು

ನಮ್ಮೂರಿನ ಬ್ಯಾಂಡುಗಳ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಇರುವುದು ಮೂರೇ: ಒದ್ದೆ ಟವಲ್, ಎಡಗಾಲು ಚಪ್ಪಲಿ, ಸೈಡ್ ಮಿರರ್. ಹೆಸರು ಕೇಳಿ ನಗುವವರು ಈಗಲೇ ನಕ್ಕು ಮುಗಿಸಲಿ. ಯಾವ ಕಂಪನಿಯೂ ಇವರನ್ನು ಕರೆದು ರೆಕಾರ್ಡ್ ಮಾಡಿಲ್ಲ, ಇವರೂ ಯಾರ ಬಾಗಿಲಿಗೂ ಹೋಗಿ ಹಲ್ಲು ಗಿಂಜಿಲ್ಲ. ವಾರವೆಲ್ಲ ಕನ್ನಡಕ ಮಾರಿ, ಲಿಫ್ಟ್ ರಿಪೇರಿ ಮಾಡಿ, ಭಾನುವಾರ ಮಧ್ಯಾಹ್ನ ಬ್ಯಾಟರಿ ಅಂಗಡಿಯ ಮೇಲಿನ ರೂಮಿನಲ್ಲಿ ಗಿಟಾರ್ ಹಿಡಿಯುತ್ತಿದ್ದರು. ಅವರು ಮೂರು ಗಂಟೆ ನುಡಿಸಿದ್ದು ನನಗೆ ಆರು ದಿನಕ್ಕೆ ಸಾಕಾಗುತ್ತಿತ್ತು.

ಈ ಥರದ ಹಾಡಿಗೆ ಪವರ್ ಪಾಪ್ ಅನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವನು ಮೀಟರ್. ಅವನು ಸೈಡ್ ಮಿರರ್‌ನ ಗಿಟಾರಿಸ್ಟ್, ಹಾಡು ಬರೆಯುವವನೂ ಅವನೇ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ, ಅದಕ್ಕೇ ಆ ಹೆಸರು. ಪವರ್ ಪಾಪ್ ಅಂದಾಗ ನನಗೆ ಯಾವುದೋ ಬಟ್ಟೆ ಸೋಪಿರಬೇಕು ಅನ್ನಿಸಿತ್ತು. ವಿಷಯ ಸರಳ. ಹಾಡು ಉದ್ದ ಎಳೆಯಬಾರದು. ಗಿಟಾರ್ ಗದ್ದಲ ಮಾಡಬೇಕು, ರಾಗ ಮಾತ್ರ ಸಿಹಿಯಾಗಿರಬೇಕು, ಇಬ್ಬರು ಮೂವರು ದನಿ ಕೂಡಿಸಬೇಕು, ಚಪ್ಪಾಳೆಗೆ ಜಾಗ ಇರಬೇಕು. ಕೈತಪ್ಪಿ ಹೋದ ಪ್ರೀತಿಯ ಹಾಡಿಗೆ ಕುಣಿದು ಬೆವರಿ ಮನೆಗೆ ಬಂದು, ಸ್ನಾನಕ್ಕೆ ನಿಂತಾಗ ಅದರ ಅರ್ಥ ಹೊಳೆದು, ನೀರು ಸುರಿದುಕೊಳ್ಳುವುದನ್ನೇ ಮರೆಯಬೇಕು. ನಾನು ಎಷ್ಟೋ ಸಲ ಮರೆತಿದ್ದೇನೆ. ಹೊರಗಿನಿಂದ ಅಮ್ಮ ಬಾಗಿಲು ಬಡಿದು, "ಒಳಗೇ ಸಂಸಾರ ಹೂಡಿದ್ಯೇನೇ?" ಎಂದು ಕೇಳಿದ್ದೂ ಉಂಟು.

ನಾನು ಗಾಡಿಗಳ ಸೀಟಿಗೆ ಕವರ್ ಹೊಲಿಯುವವಳು. ಸ್ವಂತ ಅಂಗಡಿ, ಎರಡು ಮಿಷಿನ್, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮೂಗಿಗೆ ಸದಾ ಅಂಟಿನ ವಾಸನೆ. ಬ್ಯಾಟರಿ ಅಂಗಡಿಯ ಮೇಲಿನ ರೂಮಿನ ಗೋಡೆಗೆ ಫೋಮ್ ಹೊಡೆದವಳೂ ನಾನೇ. ಶಬ್ದ ಹೊರಗೆ ಹೋದರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರಲ್ಲ. ಬಸ್ಸಿನ ಸೀಟು ಕತ್ತರಿಸಿ ಉಳಿದ ನೀಲಿ ರೆಕ್ಸಿನ್ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದು, ಒಳಗೆ ದಪ್ಪ ಫೋಮ್ ತುಂಬಿ, ಕಿಟಕಿಗಳನ್ನೂ ಮುಚ್ಚಿ ಸ್ಟೇಪಲ್ ಗನ್‌ನಿಂದ ಪಿನ್ ಹೊಡೆದಿದ್ದೆ. ಬಾಗಿಲು ಹಾಕಿದರೆ ಒಳಗೆ ಗಾಳಿ ಆಡುತ್ತಿರಲಿಲ್ಲ. ಯಾರೂ ಮಾತಾಡದಿದ್ದಾಗ ನಮ್ಮ ನಮ್ಮ ಉಸಿರು ನಮಗೇ ಕೇಳಿಸುತ್ತಿತ್ತು. ಮೊದಮೊದಲು ಅದಕ್ಕೆ ಹೆದರಿಕೆಯಾಗುತ್ತಿತ್ತು.

ಸೈಡ್ ಮಿರರ್‌ನಲ್ಲಿ ಹಾಡುತ್ತಿದ್ದವಳು ನನ್ನ ತಂಗಿ. ಒಡಹುಟ್ಟಿದವಳೆಂದು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಒಡಹುಟ್ಟಿದವಳನ್ನು ನಾನು ಬೈದಿರುವುದೇ ಹೆಚ್ಚು. ಅವಳಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳಬೇಕು. ಅಲ್ಲಿಯೂ ದನಿ, ಇಲ್ಲಿಯೂ ದನಿ. ಮನೆಯಲ್ಲಿ ಅನ್ನ ಬೇಯುತ್ತಿದ್ದದ್ದು ಅರ್ಧ ನನ್ನ ಮಿಷಿನ್‌ನಿಂದ, ಅರ್ಧ ಅವಳ ಗಂಟಲಿನಿಂದ. ಆದರೆ ನಾನು ಹೇಳಹೊರಟಿದ್ದು ಅದಲ್ಲ. ಅವಳು ಬಾಯಿ ತೆರೆದರೆ ನಾನು ಅಕ್ಕ ಅನ್ನುವುದನ್ನು ಮರೆತು ಜನರ ನಡುವೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಅಷ್ಟೇ ನಿಜ.

ಆ ರೂಮಿನಲ್ಲಿ ಒಂದು ಪದ್ಧತಿ ಇತ್ತು. ಬೇರೆಲ್ಲಾದರೂ ಇದೆಯೋ ನನಗೆ ಗೊತ್ತಿಲ್ಲ. ಹಾಡಿನ ಪ್ರತಿ ಸಾಲನ್ನೂ ಜನರು ಬ್ಯಾಂಡಿನ ಜೊತೆ ಹಾಡುತ್ತಾರೆ, ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಆದರೆ ಪ್ರತಿ ಹಾಡಿನಲ್ಲೂ ಕೊನೆಯ ಪಲ್ಲವಿಗೆ ರಾಗ ಒಂದು ಸಲ ಮೇಲಕ್ಕೆ ನೆಗೆಯುತ್ತದಲ್ಲ, ಅದಕ್ಕೆ ನಾವು ಮೇಲಿನ ಸಾಲು ಅನ್ನುತ್ತೇವೆ. ಆ ಸಾಲು ಹಾಡುವವರದು. ಅಲ್ಲಿಗೆ ಬಂದಾಗ ಎಲ್ಲರ ಬಾಯಿಗೂ ಬೀಗ. ಗಿಟಾರು ಡ್ರಮ್ಮು ಕೂಡ ಕೈ ಬಿಡುತ್ತವೆ. ಮೊದಲು ಹೀಗಿರಲಿಲ್ಲ. ಒಂದು ಸಲ ತಂಗಿ ಆ ಸಾಲಿಗೆ ಬಂದಾಗಲೇ ಕರೆಂಟ್ ಹೋಗಿ ಮೈಕು ಸತ್ತಿತ್ತು. ಅವಳ ಬರಿಯ ದನಿ ಕೇಳಲೆಂದು ಎಲ್ಲರೂ ಸುಮ್ಮನಾಗಿದ್ದರು. ಅಂದು ಕೇಳಿದವರು ಅದನ್ನು ಮರೆಯಲಿಲ್ಲ, ಬಿಡಲೂ ಇಲ್ಲ. ಹೊಸಬರು ಯಾರಾದರೂ ತಿಳಿಯದೆ ಅಲ್ಲಿ ದನಿ ಎತ್ತಿದರೆ ಪಕ್ಕದವರ ಮೊಣಕೈ ಪಕ್ಕೆಗೆ ಬೀಳುತ್ತಿತ್ತು.

ತಂಗಿಯ ಮೇಲಿನ ಸಾಲುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು 'ಕಿಟಕಿ ಸೀಟು' ಹಾಡಿನದು. ಇಳಿಯಬೇಕಾದ ಕಡೆ ಇಳಿಯದೆ, ಜೊತೆಯಲ್ಲಿ ಕೂತವನ ಪಕ್ಕದಲ್ಲೇ ಕೂತು ಮುಂದೆ ಹೋಗುವ ಹುಡುಗಿಯ ಹಾಡು. 'ಇನ್ನೊಂದು ಸ್ಟಾಪು, ಇನ್ನೊಂದೇ ಸ್ಟಾಪು' ಅನ್ನುವುದು ಆ ಸಾಲು. 'ಇನ್ನೊಂದೇ' ಅನ್ನುವಾಗ ರಾಗ ಏಣಿ ಇಲ್ಲದೆ ಅಟ್ಟಕ್ಕೆ ಹತ್ತಿದಂತೆ ಹತ್ತುತ್ತಿತ್ತು. ಕೇಳಿದವರಿಗೆಲ್ಲ ಮೈ ಜುಮ್ಮೆನ್ನುತ್ತಿತ್ತು.

ಮೊದಲು ಅನುಮಾನ ಬಂದದ್ದು ನನಗೇ. ಅವಳು ಭಾನುವಾರ ಹಾಡಿ ಬಂದ ಮೇಲೆ ಸೋಮವಾರ ಬೆಳಿಗ್ಗೆ ಮಾತು ಒಡೆದು ಬರುತ್ತಿತ್ತು. ಕೇಳಿದರೆ, "ಥಂಡಿ ಕಣೇ" ಅನ್ನುತ್ತಿದ್ದಳು. ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲೇ ಇರುತ್ತಿತ್ತು. ಆಮೇಲೆ ಸೋಮವಾರದ ಒಡಕು ಬುಧವಾರದವರೆಗೂ ಉಳಿಯತೊಡಗಿತು. ಒಂದು ದಿನ ನಿಲ್ದಾಣದಲ್ಲಿ ಅಂಕಣದ ಸಂಖ್ಯೆ ಹೇಳುವಾಗ ದನಿ ಅರ್ಧಕ್ಕೇ ನಿಂತುಹೋಯಿತಂತೆ. ಜನ ತಪ್ಪು ಬಸ್ಸು ಹತ್ತಿ ಗಲಾಟೆ ಮಾಡಿದರಂತೆ. ಅವಳು ಇದನ್ನು ನಗುತ್ತಲೇ ಹೇಳಿದಳು. ಮರುದಿನವೇ ರಟ್ಟೆ ಹಿಡಿದು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಡಾಕ್ಟರು ಗಂಟಲಿನ ಒಳಗನ್ನು ಟಿವಿಯಲ್ಲಿ ತೋರಿಸಿದರು. ಎರಡು ಬಿಳಿಯ ಎಳೆಗಳು. ತಂಗಿ 'ಈ' ಅಂದಾಗ ಅವು ಹತ್ತಿರ ಬಂದು ಅದುರಿದವು. ಬಲಗಡೆಯ ಎಳೆಯ ಮೇಲೆ ಕೆಂಪಗೆ, ಉಬ್ಬಿದ ಒಂದು ನರ. ಅದು ನಮ್ಮನ್ನೇ ನೋಡುತ್ತಿದೆಯೇನೋ ಅನ್ನಿಸಿ ನಾನು ಮುಖ ತಿರುಗಿಸಿದೆ.

"ಇದು ರಕ್ತನಾಳ. ತುಂಬಾ ತೆಳ್ಳಗಾಗಿದೆ. ಎರಡು ತಿಂಗಳು ಮಾತೇ ಆಡಬೇಡಿ, ಪಿಸುಮಾತೂ ಬೇಡ. ವಾಸಿಯಾಗತ್ತೆ, ಮತ್ತೆ ಹಾಡಬಹುದು," ಎಂದರು ಡಾಕ್ಟರು.

"ನಡುವೆ ಹಾಡಿದ್ರೆ?" ತಂಗಿ ಕೇಳಿದಳು.

"ಎತ್ತರದಲ್ಲಿ ಒಂದೇ ಒಂದು ಸಲ ಎಳೆದ್ರೂ ಒಡೀಬಹುದು. ಒಡೆದ್ರೆ ಮಾತು ಹೇಗೋ ಬರತ್ತೆ. ಹಾಡು ಬರತ್ತೆ ಅಂತ ನಾನು ಹೇಳಲ್ಲ."

ತಂಗಿ ಮತ್ತೇನೋ ಕೇಳಲು ಬಾಯಿ ತೆರೆದಳು. ನಾನು ಅಂಗೈಯಿಂದ ಅವಳ ಬಾಯಿ ಮುಚ್ಚಿದೆ. "ಸಾಕು. ಇವತ್ತಿಂದಾನೇ ಶುರು," ಎಂದೆ. ಡಾಕ್ಟರು ನಕ್ಕರು. ನಾನು ನಗಲಿಲ್ಲ.

ಮನೆಯಲ್ಲಿ ಮೌನ ಬಂದು ಕೂತಿತು. ಅವಳಿಗೆ ಏನಾದರೂ ಬೇಕಿದ್ದರೆ ಚಿಟಿಕೆ ಹೊಡೆಯುವಳು, ಇಲ್ಲವೇ ಫೋನಿನಲ್ಲಿ ಟೈಪ್ ಮಾಡಿ ಮುಖದ ಮುಂದೆ ಹಿಡಿಯುವಳು. ಅಮ್ಮ, "ಹುಟ್ಟಿದಾಗಿಂದ ಬಾಯ್ಮುಚ್ಚು ಬಾಯ್ಮುಚ್ಚು ಅಂತ ಬಡ್ಕೊಂಡೆ, ನನ್ ಮಾತು ಕೇಳ್ಲಿಲ್ಲ. ಡಾಕ್ಟ್ರು ಹೇಳಿದ್ರೆ ಕೇಳ್ತಾಳೆ ನೋಡು!" ಎಂದಳು. ಹೇಳಿ ಅಡುಗೆಮನೆಗೆ ಹೋದಳು. ಅಲ್ಲಿ ಮೂಗು ಸೀಟಿದ್ದು ನಮ್ಮಿಬ್ಬರಿಗೂ ಕೇಳಿಸಿತು. ತಂಗಿ ಎದ್ದು ಹೋಗಿ ಅಮ್ಮನ ಬೆನ್ನಿಗೆ ತಲೆ ಆನಿಸಿಕೊಂಡು ನಿಂತಳು.

ಅವಳು ರಜೆಯಲ್ಲಿದ್ದಾಗ ನಿಲ್ದಾಣದವರು ಹಳೆಯ ರೆಕಾರ್ಡಿಂಗ್‌ಗಳನ್ನೇ ತುಂಡು ಮಾಡಿ ಜೋಡಿಸಿ ಹಾಕತೊಡಗಿದರು. ಒಂದು ದಿನ ನಾವಿಬ್ಬರೂ ಔಷಧಿ ತರಲು ಆ ಕಡೆ ಹೋಗಿದ್ದೆವು. ತಲೆಯ ಮೇಲಿನ ಸ್ಪೀಕರ್‌ನಿಂದ ತಂಗಿಯ ದನಿ ಬಂತು. ಒಂದು ಪದ ಲವಲವಿಕೆಯದು, ಇನ್ನೊಂದು ದಣಿದದ್ದು, ನಡುವೆ ಸಂಖ್ಯೆ ಮಾತ್ರ ಯಾವತ್ತೋ ಶೀತವಾಗಿದ್ದಾಗ ಹೇಳಿದ್ದು. ನನ್ನ ಪಕ್ಕದಲ್ಲಿ ಅವಳು ತುಟಿ ಬಿಗಿದುಕೊಂಡು ನಿಂತು ಕೇಳಿಸಿಕೊಳ್ಳುತ್ತಿದ್ದಳು. ತೀರಿಕೊಂಡವರ ದನಿ ಕೇಳುವಾಗ ಆಗುವಂಥ ಸಂಕಟವಾಯಿತು ನನಗೆ. ಥೂ, ಎಂಥ ಯೋಚನೆ ಎಂದು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಅವಳು ಏನಾಯಿತು ಎಂದು ಹುಬ್ಬು ಹಾರಿಸಿದಳು. ಸೊಳ್ಳೆ ಅಂದೆ.

ಇನ್ನೇನು ಮೊದಲ ತಿಂಗಳು ಮುಗಿಯಬೇಕು, ಮೀಟರ್ ನನ್ನ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು ರೆಕ್ಸಿನ್ ಸುರುಳಿಯ ಅಂಚು ಕೆರೆಯತೊಡಗಿದ. ಮುಖ ಹುಳ್ಳಗಿತ್ತು.

"ಅಕ್ಕಾ, ಬ್ಯಾಟರಿ ಯಜಮಾನ್ರು ರೂಮು ಗೋಡೌನ್ ಮಾಡ್ತಾರಂತೆ. ಈ ಭಾನುವಾರಾನೇ ಕೊನೆ."

ನನ್ನ ಕಾಲು ಮಿಷಿನ್ನಿನ ಮೇಲೆ ಹಾಗೇ ನಿಂತಿತು. ಆ ಗೋಡೆಯ ಒಂದೊಂದು ಪಿನ್ನೂ ನಾನು ಹೊಡೆದದ್ದು. ದುಃಖ ಉಕ್ಕಿ ಬಂತು, ಆದರೆ ಅವನ ಕಣ್ಣಿನಲ್ಲಿ ಇನ್ನೊಂದು ಮಾತು ಇದ್ದದ್ದು ಕಂಡು ದುಃಖವನ್ನು ಹಿಂದಕ್ಕೆ ತಳ್ಳಿದೆ.

"ಅವಳು ಹಾಡಲ್ಲ," ಎಂದೆ.

"ನಾನೆಲ್ಲಿ ಹಾಡು ಅಂದೆ? ಸುಮ್ನೆ ಬಂದು ನಿಂತ್ಕೊಳ್ಲಿ. ಗಿಟಾರ್ ಹಿಡ್ಕೊಳ್ಲಿ. ಜನ ಹಾಡ್ತಾರೆ. ಎಲ್ಲಾ ಸಾಲೂ ಜನಾನೇ ಹಾಡ್ತಾರೆ."

"ಕಿಟಕಿ ಸೀಟು ಬಿಟ್ಬಿಡು."

"ಅದನ್ನ ಬಿಟ್ಟು ಕೊನೇ ಭಾನುವಾರಾನಾ? ಜನ ನನ್ನ ಸುಟ್ಟು ಹಾಕ್ತಾರೆ ಅಕ್ಕ."

"ಅವರು ಸುಡೋಕ್ ಮುಂಚೆ ನಾನೇ ಸುಡ್ತೀನಿ, ನಿಂತ್ಕೋ," ಎಂದು ಕತ್ತರಿ ಎತ್ತಿಕೊಂಡೆ. ಅವನು ನಕ್ಕು ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಹೋಗಲಿಲ್ಲ.

ಸಂಜೆ ಮನೆಯಲ್ಲಿ ತಂಗಿಗೆ ಹೇಳಿದರೆ ಅವಳ ಮುಖ ಅರಳಿತು. ತಿಂಗಳಿನಿಂದ ಆ ಮುಖ ಅರಳಿರಲಿಲ್ಲ, ನಾನು ಸೋತೆ. ಅವಳು ಟೈಪ್ ಮಾಡಿ ತೋರಿಸಿದಳು: 'ಬರೀ ಗಿಟಾರ್. ಅಮ್ಮನಾಣೆ.' ಅಮ್ಮ ಕನ್ನಡಕ ಹಾಕಿಕೊಂಡು ಓದಿ, "ನನ್ ಮೇಲೆ ಯಾಕೇ ಆಣೆ? ನಿನ್ನಕ್ಕನ ಮೇಲಿಡು, ಅವಳೇ ಗಟ್ಟಿ ಇರೋದು," ಎಂದಳು.

ಆ ವಾರ ನಾನು ಹೊಲಿದದ್ದು ಕಡಿಮೆ, ತಿರುಗಿದ್ದೇ ಹೆಚ್ಚು. ರೂಮಿಗೆ ಬರುವವರಲ್ಲಿ ನನಗೆ ಗೊತ್ತಿರದವರು ಯಾರೂ ಇಲ್ಲ. ಒಬ್ಬೊಬ್ಬರ ಹತ್ತಿರವೂ ಹೋಗಿ ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳಿದೆ. ಮೇಲಿನ ಸಾಲನ್ನು ಈ ಸಲ ನೀವೇ ಹಾಡಬೇಕು, ಪದ್ಧತಿ ಗಿದ್ಧತಿ ಬೇಡ, ಬಾಯಿ ಮುಚ್ಚಬಾರದು ಎಂದೆ. ಎಲ್ಲರೂ ಆಯ್ತಕ್ಕ ಅಂದರು. ಅದೇ ನನಗೆ ಸರಿಬರಲಿಲ್ಲ. ಯಾರೂ ಎದುರು ಮಾತಾಡಲಿಲ್ಲ, ಆದರೆ ಎಲ್ಲರ ಕಣ್ಣಿನಲ್ಲಿಯೂ ಒಂದೇ ಥರದ ಬೇಜಾರು ಕಂಡಿತು. ಕನ್ನಡಕದ ಅಂಗಡಿಯವನು, ತಾನೂ ಎಡಗಾಲು ಚಪ್ಪಲಿಯಲ್ಲಿ ಹಾಡುವವನು, ಮೆತ್ತಗೆ ಕೇಳಿದ, "ಒಂದ್ಸಲಾನೂ ಇಲ್ವಾ ಅಕ್ಕ? ಕೊನೇದಲ್ವಾ?"

"ನಿನ್ ಗಂಟ್ಲು ಕೊಯ್ದು ಕೊಡು, ಹಾಡಿಸ್ತೀನಿ," ಎಂದೆ. ಅವನು ಕೈ ಮುಗಿದ.

ನರ್ಸಮ್ಮನನ್ನು ಮಾತ್ರ ನಾನು ಪೂರ್ತಿ ನಂಬಿದ್ದೆ. ಆಸ್ಪತ್ರೆಯಲ್ಲಿ ಕೆಲಸ, ಮೂರು ವರ್ಷದಿಂದ ಮುಂದಿನ ಸಾಲಿನಲ್ಲೇ ನಿಲ್ಲುವವಳು, ನನ್ನ ವಾರಗೆಯವಳು. ರಕ್ತನಾಳ ಅಂದರೆ ಏನೆಂದು ಅವಳಿಗೆ ನಾನು ಹೇಳಬೇಕಿಲ್ಲ. ದನಿಯೂ ಗಟ್ಟಿ. "ನೀನು ಎತ್ತಿದ್ರೆ ಉಳಿದವರು ಹಿಂದೆ ಬರ್ತಾರೆ. ಈಗ್ಲೇ ಒಂದ್ಸಲ ಹಾಡು ನೋಡೋಣ," ಎಂದೆ. ನನ್ನ ಅಂಗಡಿಯಲ್ಲೇ ಕೂತಿದ್ದಳು. ಬಾಯಿ ತೆರೆದಳು. 'ಇನ್ನೊಂದು' ಎಂದಳು. ಮುಂದೆ ಬರಲಿಲ್ಲ. ಮತ್ತೆ ತೆರೆದಳು, ಮತ್ತೆ ಮುಚ್ಚಿದಳು.

"ಆಗ್ತಿಲ್ಲ ಕಣೆ, ನಾಚಿಕೆ ಆಗತ್ತೆ. ಅದು ಅವಳದ್ದಲ್ವಾ?"

"ಭಾನುವಾರ ನಾಚಿಕೆ ಗೀಚಿಕೆ ಅಂದ್ರೆ ನೋಡು ಮತ್ತೆ."

"ಇಲ್ಲ ಬಿಡು. ಅವಳ ಗಂಟ್ಲಿಗಿಂತ ಹೆಚ್ಚಾ ನಂಗೆ? ನಾವೆಲ್ಲಾ ಇದೀವಲ್ಲ," ಎಂದು ನನ್ನ ಕೈ ಹಿಡಿದಳು. ಕೈ ಬೆಚ್ಚಗಿತ್ತು. ನನಗೇಕೋ ಅದರಿಂದ ಧೈರ್ಯ ಬರಲಿಲ್ಲ.

ಭಾನುವಾರ ನಾನು ಎಲ್ಲರಿಗಿಂತ ಮೊದಲು ಹೋದೆ. ತಂಗಿ ನಿಲ್ಲುವ ಜಾಗದಲ್ಲಿದ್ದ ಮೈಕನ್ನು ಬಿಚ್ಚಿ, ವಯರು ಸುತ್ತಿ, ಸ್ಟ್ಯಾಂಡ್ ಸಮೇತ ಕೆಳಗಿನ ಅಂಗಡಿಯ ಹಳೆಯ ಬ್ಯಾಟರಿಗಳ ಹಿಂದೆ ಇಟ್ಟು ಬಂದೆ. ಆಸೆ ಯಾರಿಗೆ ಯಾವಾಗ ಹುಟ್ಟುತ್ತದೋ ಹೇಳಲಾಗದು. ಉಳಿದ ಬ್ಯಾಂಡಿನವರು ತಮ್ಮ ತಮ್ಮ ಮೈಕು ತಂದು, ಮುಗಿದೊಡನೆ ಬಿಚ್ಚಿಕೊಂಡು ಹೋಗುತ್ತಾರೆ; ಅವಳದೇ ಇಲ್ಲದಿದ್ದರೆ ಹಾಡುವ ಮಾತೇ ಇಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಮೆಟ್ಟಿಲು ಹತ್ತಿದೆ.

ಅಷ್ಟು ಜನ ಆ ರೂಮಿಗೆ ಯಾವತ್ತೂ ಬಂದಿರಲಿಲ್ಲ. ಬಾಗಿಲು ಹಾಕಿದ ಮೇಲೆ ಹೊರಗಿನ ರಸ್ತೆಯ ಸದ್ದು ಕತ್ತರಿಸಿದಂತೆ ನಿಂತಿತು. ಕೆಳಗಿನಿಂದ ಆಸಿಡ್ ವಾಸನೆ, ಮೇಲೆ ಜನರ ಬೆವರು. ಒದ್ದೆ ಟವಲ್ ಶುರು ಮಾಡಿದರು. ಅವರ ಡ್ರಮ್ಮರ್ ಲಿಫ್ಟ್ ರಿಪೇರಿಯವನು, ಯಾವಾಗಲೂ ಅವಸರ, ಹಾಡು ಮುಗಿಯುವಷ್ಟರಲ್ಲಿ ಉಳಿದವರಿಗೆ ಏದುಸಿರು. ಎಡಗಾಲು ಚಪ್ಪಲಿಯವರು ತಮ್ಮ ಜಗಳದ ಹಾಡುಗಳನ್ನು ನಗುನಗುತ್ತ ಹಾಡಿದರು. ಅಯ್ಯೋ, ಎಷ್ಟು ಚೆನ್ನಾಗಿತ್ತು! ಎರಡು ಗಿಟಾರು ಒಟ್ಟಿಗೆ ಬಿದ್ದಾಗ ಎದೆಗೂಡು ಅದುರುವುದು, ಪಲ್ಲವಿ ಬಂದಾಗ ಪಕ್ಕದಲ್ಲಿ ಯಾರೇ ಇದ್ದರೂ ಹೆಗಲಿಗೆ ಕೈ ಹೋಗುವುದು, ಇದೆಲ್ಲ ಇನ್ನು ಇಲ್ಲವಲ್ಲ ಎಂದು ಅಳು ಬರುತ್ತಿತ್ತು, ಕಾಲು ಮಾತ್ರ ಕುಣಿಯುತ್ತಿತ್ತು. ಇಂಥ ಹಾಡು ಬರೆಯುವವರು ನಾಲ್ಕು ಬೀದಿಯಾಚೆಗೆ ಯಾರಿಗೂ ಗೊತ್ತಿಲ್ಲದೆ ಇದ್ದುಬಿಡುತ್ತಾರೆ. ಗೊತ್ತಿರುವ ನಾವು ಅವರನ್ನು ಎದೆಗೆ ಅವಚಿಕೊಳ್ಳುತ್ತೇವೆ, ಬಿಗಿಯಾಗಿಯೇ ಅವಚಿಕೊಳ್ಳುತ್ತೇವೆ.

ತಂಗಿ ಗಿಟಾರ್ ಹಾಕಿಕೊಂಡು ಬಂದು ನಿಂತಾಗ ರೂಮು ಕಿರುಚಿತು. ಅವಳು ಕೈಬೀಸಿದಳು, ತುಟಿಯ ಮೇಲೆ ಬೆರಳಿಟ್ಟು ಹಾಡುವುದಿಲ್ಲ ಎಂದು ತೋರಿಸಿದಳು. ಮೈಕಿದ್ದ ಜಾಗ ನೋಡಿ, ನನ್ನ ಕಡೆ ನೋಡಿ ನಕ್ಕಳು. ಕಳ್ಳಿ ಸಿಕ್ಕಿಬಿದ್ದಳು ಎನ್ನುವ ನಗು.

ಜನ ಮಾತು ಉಳಿಸಿಕೊಂಡರು. ಒಂದು ಹಾಡಾಯಿತು, ಎರಡಾಯಿತು, ಮೇಲಿನ ಸಾಲುಗಳನ್ನೂ ಅಂಜುತ್ತ ಅಂಜುತ್ತಲೇ ಹಾಡಿದರು. ನರ್ಸಮ್ಮ ಮುಂದೆ ನಿಂತು ದನಿ ಎತ್ತುತ್ತಿದ್ದಳು. ತಂಗಿಯ ತುಟಿ ಮುಚ್ಚಿತ್ತು, ಕಣ್ಣುಗಳು ಹಾಡುತ್ತಿದ್ದವು. ತನ್ನ ಹಾಡನ್ನು ತಾನು ಹೀಗೆ ಎದುರು ನಿಂತು ಎಂದೂ ಕೇಳಿರಲಿಲ್ಲವಲ್ಲ. ನನ್ನ ಜೀವ ನಿಧಾನವಾಗಿ ಜಾಗಕ್ಕೆ ಬಂತು. ಸುಮ್ಮನೆ ಹೆದರಿಕೊಂಡಿದ್ದೆ, ಎಲ್ಲರನ್ನೂ ಅನುಮಾನಿಸಿ ಪಾಪ ಕಟ್ಟಿಕೊಂಡೆ ಅಂದುಕೊಂಡೆ.

ಆಮೇಲೆ ಮೀಟರ್ 'ಕಿಟಕಿ ಸೀಟು' ಎತ್ತಿದ.

ಮೊದಲ ಸ್ವರಕ್ಕೇ ಫೋನುಗಳು ಮೇಲೆದ್ದವು. ಆವರೆಗೆ ಒಂದೂ ಎದ್ದಿರಲಿಲ್ಲ. ಜನ ಹಾಡುತ್ತಿದ್ದರು, ಆದರೆ ಬೇರೆ ಥರ. ಏನನ್ನೋ ಕಾಯುತ್ತ ಹಾಡುವವರ ಹಾಗೆ, ಕತ್ತು ಮುಂದೆ ಚಾಚಿ, ಅವಳ ಬಾಯಿಯನ್ನೇ ನೋಡುತ್ತ. ಎರಡನೇ ಪಲ್ಲವಿಗೆ ಕನ್ನಡಕದ ಅಂಗಡಿಯವನು ಆಗಲೇ ಕಣ್ಣು ಮುಚ್ಚಿದ್ದ. "ಹಾಡ್ರೋ! ಬಿಡ್ಬೇಡಿ!" ಎಂದು ಕೂಗಿದೆ. ಗಿಟಾರಿನ ಗದ್ದಲದಲ್ಲಿ ನನ್ನ ಕೂಗು ಯಾರ ಕಿವಿಗೂ ಬೀಳಲಿಲ್ಲ.

ಕೊನೆಯ ಪಲ್ಲವಿ ಬಂತು. ಡ್ರಮ್ಮು ನಿಂತಿತು, ಗಿಟಾರು ನಿಂತಿತು. ಇಡೀ ರೂಮು ಬಾಯಿ ಮುಚ್ಚಿತು.

ನಾನು ಹಾಡಿದೆ. ನನ್ನದು ಕಾಗೆಯ ದನಿ, ಅದು ನನಗೂ ಗೊತ್ತು, ಆದರೂ ಹಾಡಿದೆ. "ಇನ್ನೊಂದು ಸ್ಟಾಪು" ಎಂದು ಒಬ್ಬಳೇ ಅರಚಿದೆ. ತಲೆಗಳು ತಿರುಗಿದವು. ಯಾರೋ "ಶ್!" ಅಂದರು. ಯಾರದೋ ಮೊಣಕೈ ಪಕ್ಕೆಗೆ ಬಿತ್ತು. ಬಿಡದೆ ಮುಂದುವರಿದೆ. ಆಗ ಒಂದು ಬೆಚ್ಚನೆಯ ಕೈ ನನ್ನ ಬಾಯಿಯನ್ನು ಬಲವಾಗಿ ಮುಚ್ಚಿತು. ನರ್ಸಮ್ಮನ ಕೈ. ಅವಳು ನನ್ನ ಮುಖವನ್ನು ಕೂಡ ನೋಡುತ್ತಿರಲಿಲ್ಲ. ತಂಗಿಯನ್ನೇ ನೋಡುತ್ತಿದ್ದಳು, ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

ನಾನು ಹೊಲಿದ ಆ ಗೋಡೆಗಳ ನಡುವೆ ಒಂದಿಷ್ಟೂ ಸದ್ದಿರಲಿಲ್ಲ. ತಂಗಿ ಆ ಮೌನವನ್ನು ನೋಡಿದಳು. ಯಾರೂ ಹಾಡುವುದಿಲ್ಲ ಎಂದು ಅವಳಿಗೆ ತಿಳಿಯಿತು. ಹಾಡು ಹಾಗೇ ಅರ್ಧಕ್ಕೆ ನಿಂತುಬಿಡುತ್ತದೆ, ಇಷ್ಟು ಜನರ ಕೊನೆಯ ಭಾನುವಾರ ಹಾಗೇ ಮುಗಿಯುತ್ತದೆ ಎಂದೂ ತಿಳಿಯಿತು. ನಾನು ತಲೆ ಅಲ್ಲಾಡಿಸಿದೆ, ಬೇಡ ಬೇಡ ಬೇಡ ಎಂದು ಕೈ ಆಡಿಸಿದೆ. ಅವಳು ಗಿಟಾರಿನಿಂದ ಕೈ ತೆಗೆದು ಉಸಿರೆಳೆದುಕೊಂಡಳು. ಮೈಕು ಇರಲಿಲ್ಲ. ಹಿಂದಿನ ಗೋಡೆಯವರೆಗೂ ಬರಿಯ ಗಂಟಲಿನಿಂದಲೇ ತಲುಪಬೇಕಿತ್ತು. ಮೈಕಿದ್ದರೆ ಮೆಲ್ಲಗೆ ಹಾಡಿ ತಪ್ಪಿಸಿಕೊಳ್ಳುತ್ತಿದ್ದಳೇನೋ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

'ಇನ್ನೊಂದು ಸ್ಟಾಪು' ಎಂದಳು. ತಿಂಗಳಿನಿಂದ ಕೇಳದ ದನಿ. ಸುಳ್ಳು ಹೇಳಿ ಏನು ಪ್ರಯೋಜನ, ಬಾಯಿಗೆ ಆ ಕೈ ಅಡ್ಡ ಇದ್ದಾಗಲೂ ನನ್ನ ಮೈ ಜುಮ್ಮೆಂದಿತು. 'ಇನ್ನೊಂದೇ' ಎಂದು ಹತ್ತಿದಳು. ಹತ್ತಿ, ತುದಿಗೆ ತಲುಪಿದಳು. ಅಲ್ಲಿ ದನಿ ನಿಂತಿತು. ಒಡೆಯಲಿಲ್ಲ, ಇಳಿಯಲಿಲ್ಲ, ಒಂದು ಕ್ಷಣ ಇತ್ತು, ಮರುಕ್ಷಣ ಇರಲಿಲ್ಲ. ಅವಳ ಬಾಯಿ ತೆರೆದೇ ಇತ್ತು. ಕಣ್ಣಿನಲ್ಲಿ ಆಶ್ಚರ್ಯ ಮಾತ್ರ ಕಂಡಿತು.

ಉಳಿದದ್ದನ್ನು ತಮಗೆ ಬಿಟ್ಟುಕೊಟ್ಟಳು ಅಂದುಕೊಂಡರು ಜನ. ಹೋ ಎಂದು ಕೂಗಿದರು, 'ಸ್ಟಾಪು' ಎಂದು ಒಕ್ಕೊರಲಿನಲ್ಲಿ ಹಿಡಿದುಕೊಂಡರು, ಡ್ರಮ್ಮು ಬಿತ್ತು, ಗಿಟಾರು ಬಿತ್ತು, ಹಾಡು ಭರ್ಜರಿಯಾಗಿ ಮುಗಿಯಿತು. ಅಷ್ಟು ಜೋರಾದ ಚಪ್ಪಾಳೆ ನಾನು ಅಲ್ಲಿ ಕೇಳಿರಲಿಲ್ಲ. ತಂಗಿ ಒಂದು ಕೈಯನ್ನು ಕತ್ತಿನ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಬಂದವರ ಕೈ ಹಿಡಿಯುತ್ತಿದ್ದಳು. ಸಾಲಾಗಿ ಬಂದರು. ಜನ್ಮಕ್ಕೆ ಸಾಕಮ್ಮ ಅಂದರು. ಅವಳು ಎಲ್ಲರಿಗೂ ನಕ್ಕಳು.

ನಾನು ನರ್ಸಮ್ಮನ ಕೈ ಕಿತ್ತೆಸೆದು, "ನೀನು ನರ್ಸು ಕಣೇ! ನಿಂಗೆ ಗೊತ್ತಿತ್ತು!" ಎಂದು ಕಿರುಚಿದೆ.

"ಒಂದ್ಸಲ ಅಂತ," ಅಂದಳು. ಆಗ ಅವಳಿಗೆ ನನ್ನ ಮುಖ ಕಂಡಿತು. "ಒಂದೇ ಸಲ ಅಲ್ವಾ? ಏನೂ ಆಗಿಲ್ಲ ತಾನೆ? ಎಷ್ಟು ಚೆನ್ನಾಗಿ ಹಾಡಿದ್ಳು!"

ಜನರನ್ನು ತಳ್ಳಿಕೊಂಡು ಹೋಗಿ ತಂಗಿಯನ್ನು ಹೊರಗಿನ ಮೆಟ್ಟಿಲಿಗೆ ಎಳೆದುಕೊಂಡು ಬಂದೆ. ಬಾಗಿಲು ಹಿಂದೆ ಅರ್ಧ ತೆರೆದೇ ಉಳಿಯಿತು. ಹೊರಗೆ ಇನ್ನೂ ಬಿಸಿಲಿತ್ತು, ರಸ್ತೆಯಲ್ಲಿ ಗಾಡಿಗಳು ಓಡಾಡುತ್ತಿದ್ದವು. "ಅಕ್ಕ ಅನ್ನು," ಎಂದೆ. ಡಾಕ್ಟರು ಬೇಡ ಅಂದದ್ದು ನನಗೆ ನೆನಪಿತ್ತು, ಆದರೂ ತಡೆಯಲಾಗಲಿಲ್ಲ. "ಮೆತ್ತಗೆ. ಒಂದ್ಸಲ ಅಕ್ಕ ಅನ್ನೇ, ಪುಟ್ಟಿ."

ಅವಳ ತುಟಿ ಆಡಿತು. ಗಾಳಿ ಬಂತು. ಗಾಳಿ ಬಿಟ್ಟು ಬೇರೇನೂ ಬರಲಿಲ್ಲ.

ಮೀಟರ್ ಹೊರಗೆ ಬಂದ. ಅವಳನ್ನು ನೋಡಿ, ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ. ಮರುದಿನ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿದಾಗ ಬಲಗಡೆಯ ಬಿಳಿ ಎಳೆ ಪೂರ್ತಿ ಕೆಂಪಾಗಿತ್ತು. ಮಾತು ಬರತ್ತೆ, ಹಾಡಿನ ಆಸೆ ಇಟ್ಕೋಬೇಡಿ ಎಂದರು. ಅದು ಮರುದಿನದ ಮಾತು. ಆದರೆ ಮೆಟ್ಟಿಲ ಮೇಲೆ ಕೂತಿದ್ದ ನಮ್ಮ ಮೂವರಿಗೂ ಅದು ಆಗಲೇ ಗೊತ್ತಾಗಿತ್ತು.

ಒಳಗಿದ್ದವರಿಗೆ ಗೊತ್ತಿರಲಿಲ್ಲ. ಅವರು ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕೂಗುತ್ತಿದ್ದರು. ಬ್ಯಾಂಡಿನವರು ಯಾರೂ ಬಾರದಿದ್ದಾಗ ತಾವೇ ಚಪ್ಪಾಳೆ ಹಾಕಿಕೊಂಡು 'ಕಿಟಕಿ ಸೀಟು' ಮೊದಲಿನಿಂದ ಶುರು ಮಾಡಿದರು. ನಾನು ಒಳಗೆ ನುಗ್ಗಿ ಒಬ್ಬೊಬ್ಬರ ಕೆನ್ನೆಗೂ ಬಾರಿಸಬೇಕೆಂದು ಎದ್ದೆ. ತಂಗಿ ನನ್ನ ತೋಳು ಹಿಡಿದು ಜಗ್ಗಿ ಕೂರಿಸಿದಳು. ತಲೆ ವಾರೆ ಮಾಡಿ ಕಿವಿ ಕೊಟ್ಟಳು.

ಕೊನೆಯ ಪಲ್ಲವಿ ಬಂತು. ಈಗ ಯಾರೂ ಬಾಯಿ ಮುಚ್ಚಲಿಲ್ಲ. ಮೇಲಿನ ಸಾಲನ್ನು ಇಡೀ ರೂಮು ಎತ್ತಿತು, ನರ್ಸಮ್ಮನ ದನಿ ಎಲ್ಲರಿಗಿಂತ ಮುಂದೆ. ಆ ಎತ್ತರ ಅವರಿಗೆ ಎಟುಕಿತು, ಸುಲಭವಾಗಿಯೇ ಎಟುಕಿತು, ಒಂದು ಸ್ವರವೂ ತಪ್ಪಲಿಲ್ಲ. ತಂಗಿ ಫೋನು ತೆಗೆದು ಟೈಪ್ ಮಾಡಿ ನನ್ನ ಮುಖದ ಮುಂದೆ ಹಿಡಿದಳು. 'ಚೆನ್ನಾಗಿ ಹಾಡ್ತಾರೆ ಅಲ್ವಾ?' ಎಂದಿತ್ತು.